ಗಂಟು ಕಂಡ ಮೇಲೆ ಕಳೆಯುವ ತಿಂಗಳುಗಳು

ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ತೊಂದರೆಯ ಮೂಲವೇ ಅದು. ಕೋಲಾರ ಜಿಲ್ಲೆಯ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕಿ, ನಡುವೆ ಟೊಮೆಟೊ ಬಿಡಿಸಲು ಕೂಲಿಗೆ ಹೋಗುವ ಹೆಂಗಸು ಮಂಡಿ ನೋವಿಗಾದರೆ ಡಾಕ್ಟರ ಹತ್ತಿರ ಹೋಗುತ್ತಾಳೆ, ಏಕೆಂದರೆ ಕೆಲಸ ನಿಲ್ಲುತ್ತದೆ. ಗಂಟು ಕೆಲಸಕ್ಕೆ ಅಡ್ಡ ಬರುವುದಿಲ್ಲ. ಮಾವಿನ ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ ಎಂದು ದಿನ ತಳ್ಳಿಹೋಗುತ್ತದೆ. ಗಂಡು ಡಾಕ್ಟರಿಗೆ ತೋರಿಸುವ ಸಂಕೋಚ ಬೇರೆ.

ಈ ತಡವನ್ನು ಅಳೆಯುವ ಕೆಲಸ ಹಳೆಯದು. 1938ರಲ್ಲಿ ಅಮೆರಿಕದ ಪ್ಯಾಕ್ ಮತ್ತು ಗ್ಯಾಲೊ ಎಂಬ ವೈದ್ಯರು ಒಂದು ಗೆರೆ ಎಳೆದರು: ಲಕ್ಷಣ ಕಂಡ ಮೇಲೆ ಮೂರು ತಿಂಗಳು ಸುಮ್ಮನಿದ್ದರೆ ಅದು ರೋಗಿಯ ವಿಳಂಬ, ಡಾಕ್ಟರಿಗೆ ತೋರಿಸಿದ ಮೇಲೆ ಒಂದು ತಿಂಗಳು ಮೀರಿದರೆ ವೈದ್ಯರ ವಿಳಂಬ. ತಪ್ಪು ಯಾರದು ಎಂಬುದೇ ಅವರ ಪ್ರಶ್ನೆ. ಮುಂದೆ ದಶಕಗಟ್ಟಲೆ ಸಂಶೋಧಕರು ಹೆಂಗಸರನ್ನೇ ಹೆಚ್ಚು ಪ್ರಶ್ನಿಸಿದರು: ಓದಿದ್ದೀರಾ, ಭಯವಿತ್ತೇ, ನಾಟಿ ಔಷಧಿ ಮಾಡಿದಿರಾ? 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 87 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಮೂರು ತಿಂಗಳ ಗೆರೆ ಗಟ್ಟಿಯಾಯಿತು. ಅದನ್ನು ದಾಟಿದವರಲ್ಲಿ ಬದುಕುಳಿಯುವವರು ಕಡಿಮೆ.

ದಿಕ್ಕು ಬದಲಿಸಿದ್ದು ಮೆಕ್ಸಿಕೊ. ಅಲ್ಲಿ ಕಾರ್ಲಾ ಉಂಗರ್-ಸಲ್ದಾನ್ಯಾ ಮತ್ತು ಸಂಗಡಿಗರು ನೂರಾರು ರೋಗಿಗಳ ಹಾದಿಯನ್ನು ಹಿಂಬಾಲಿಸಿದಾಗ ಕಂಡದ್ದು ಇದು: ಅತಿ ಹೆಚ್ಚು ಸಮಯ ಹೋಗಿದ್ದು ಮೊದಲ ಬಾರಿ ಡಾಕ್ಟರಿಗೆ ತೋರಿಸಿದ ಮೇಲೆ, ರೋಗ ಖಚಿತವಾಗುವವರೆಗೆ!

ಕೋಲಾರ ಜಿಲ್ಲೆಯ ತಾಲ್ಲೂಕುಗಳನ್ನು ಈ ಕಣ್ಣಿನಿಂದ ನೋಡಬೇಕು. ಊರಿನ ಆರೋಗ್ಯ ಕೇಂದ್ರ, ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಇಲ್ಲವೇ ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ, ಸೂಜಿ ಪರೀಕ್ಷೆ, ರಿಪೋರ್ಟಿಗಾಗಿ ಮತ್ತೊಂದು ಓಡಾಟ, ಕೆಲವರಿಗೆ ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಮಾಲೂರಿನವರಿಗೆ ಬೆಂಗಳೂರು ಹತ್ತಿರ, ರೈಲೂ ಇದೆ. ಶ್ರೀನಿವಾಸಪುರದ ಹಳ್ಳಿಯಿಂದ ಹೊರಟವಳಿಗೆ ಇಡೀ ದಿನ ಬೇಕು, ಜೊತೆಗೊಬ್ಬರು ಬೇಕು, ಅಂದು ಹಸು ಕರೆಯಲು ಇನ್ನೊಬ್ಬರು ಬೇಕು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಆಪರೇಷನ್ನಿನ ಖರ್ಚು ಹೊತ್ತೀತು. ಕಳೆದುಹೋದ ಕೂಲಿಯನ್ನು ಯಾವ ಕಾರ್ಡೂ ಕೊಡುವುದಿಲ್ಲ.

ತಪಾಸಣೆಯೇ ಮನೆಬಾಗಿಲಿಗೆ ಹೋದರೆ? ಮುಂಬೈಯಲ್ಲಿ 1998ರಿಂದ ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡು ನಡೆದ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿದೆ. ಅವರಲ್ಲಿ ಅರ್ಧದಷ್ಟು ಮಂದಿಯನ್ನು ತರಬೇತಾದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು; ಯಂತ್ರ ಬಳಸಲಿಲ್ಲ. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇ 30ರ ಹತ್ತಿರ ಇಳಿಯಿತು, ಅದಕ್ಕಿಂತ ಕಿರಿಯರಲ್ಲಿ ಇಳಿಯಲಿಲ್ಲ. 30 ದಾಟಿದವರಿಗೆ ಇಂಥ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೂ ಇದೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಸ್ತನ ತಪಾಸಣೆ ಮಾಡಿಸಿಕೊಂಡಿದ್ದ 30ರಿಂದ 49 ವಯಸ್ಸಿನವರು ದೇಶದಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಹೊಸ ಗಡುವು ಇಟ್ಟಿದೆ: ರೋಗಿ ಮೊದಲ ಸಲ ಬಂದ 60 ದಿನದೊಳಗೆ ರೋಗನಿರ್ಣಯ ಮುಗಿಯಬೇಕು. ಈ ಗಡುವು ಹಾಕಿರುವುದು ಆಸ್ಪತ್ರೆಗಳಿಗೆ.