ಬೇಸಿಗೆಯ ಗುಡುಗಿಗೆ ಕಿವಿಗೊಟ್ಟವರು

ಚೈತ್ರ ಕಳೆದು ವೈಶಾಖ ಹತ್ತಿರವಾಗುವ ದಿನಗಳಲ್ಲಿ, ಮಧ್ಯಾಹ್ನ ಮೂರು ಗಂಟೆಯ ಮೇಲೆ, ನಮ್ಮ ಮೈಸೂರಿನ ಆಕಾಶವನ್ನೊಮ್ಮೆ ನೋಡಿರಿ. ಬೆಳಗಿನಿಂದ ಎಲೆಯಲುಗದ ಸೆಕೆ. ಚಾಮುಂಡಿ ಬೆಟ್ಟದಾಚೆ ಬೆಳ್ಳಗೆ ತಲೆಯೆತ್ತಿದ ಮೋಡವು ನೋಡನೋಡುತ್ತಿದ್ದಂತೆಯೇ ಗೋಪುರದ ಹಾಗೆ ಬೆಳೆದು, ಬುಡದಲ್ಲಿ ಕಪ್ಪಿಡುವುದು. ಆ ಹೊತ್ತಿಗೆ ಮನೆಯಲ್ಲಿ ಮಧ್ಯಮ ತರಂಗದ ರೇಡಿಯೋ ಹಾಡುತ್ತಿದ್ದರೆ, ಗಾಯನದ ನಡುವೆ ಚಟಚಟನೆ ಸದ್ದು ಕೇಳಿಬರುವುದು. ನಾನು ಹುಡುಗನಾಗಿದ್ದಾಗ ನಮ್ಮ ತಂದೆಯವರು ಈ ಸದ್ದು ಕೇಳಿದೊಡನೆ ಏರಿಯಲ್ ತಂತಿಯನ್ನು ಕಳಚಿ, ಮಹಡಿಯ ಮೇಲೆ ಒಣಹಾಕಿದ್ದ ಹಪ್ಪಳ ಸಂಡಿಗೆಯನ್ನು ಎತ್ತಿಡಿರೆಂದು ಕೂಗುತ್ತಿದ್ದರು. ಗುಡುಗು ನಮ್ಮ ಕಿವಿಗೆ ಬೀಳುತ್ತಿದ್ದುದು ಅದಾದ ಎಷ್ಟೋ ಹೊತ್ತಿಗೆ.

ಮಳೆಯನ್ನು ಮುಂದಾಗಿ ತಿಳಿಯುವ ಆಸೆ ನಮ್ಮ ನಾಡಿಗೆ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಮೋಡಗಳು ಗರ್ಭಕಟ್ಟಿ 195 ದಿನಗಳಿಗೆ ಮಳೆಯನ್ನು ಹೆರುತ್ತವೆಂದು ಹೇಳಿದ್ದಲ್ಲದೆ, ಕೂಡಲೇ ಬರುವ ಮಳೆಯ ಚಿಹ್ನೆಗಳಿಗೆಂದೇ ಬೇರೊಂದು ಅಧ್ಯಾಯವನ್ನು ಮೀಸಲಿಟ್ಟನು. ಇರುವೆಗಳು ಮೊಟ್ಟೆಯನ್ನು ಹೊತ್ತು ಸಾಗುವುದು ಅಂಥ ಚಿಹ್ನೆಗಳಲ್ಲೊಂದು. ಕನ್ನಡದಲ್ಲಿ ಸುಮಾರು 1300ರಲ್ಲಿದ್ದ ಜೈನಕವಿ ರಟ್ಟನು ಮಳೆ, ಸಿಡಿಲು, ಭೂಕಂಪ ಮೊದಲಾದವುಗಳ ಲಕ್ಷಣವನ್ನೇ ವಸ್ತುವಾಗಿಸಿಕೊಂಡು ‘ರಟ್ಟಮತ’ವನ್ನು ರಚಿಸಿದನು. ನಮ್ಮ ರೈತನಂತೂ ಗ್ರಂಥವನ್ನು ಓದದೆಯೇ ಮಳೆಯನ್ನು ನಕ್ಷತ್ರಗಳ ಹೆಸರಿನಿಂದ ಕರೆದನು. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೆಯ ವಾರಕ್ಕೆ ಕೃತ್ತಿಕೆ. ಭರಣಿ ಸುರಿದರೆ ಧರಣಿ ಬೆಳೆದೀತೆಂಬ ಮಾತನ್ನು ಕೇಳದವರಾರು? ಆದರೆ ನಕ್ಷತ್ರವು ಹದಿಮೂರು ಹದಿನಾಲ್ಕು ದಿನಗಳ ಅವಧಿಯನ್ನು ಹೇಳೀತೇ ಹೊರತು, ಯಾವ ದಿನ, ಯಾವ ಊರು ಎಂಬುದನ್ನು ಹೇಳಲಾರದು.

ಅಳತೆಯ ಕಾಲ ಮುಂದೆ ಬಂದಿತು. 1864ರಲ್ಲಿ ಕಲ್ಕತ್ತೆಯನ್ನು ಹಾಳುಗೆಡವಿದ ಚಂಡಮಾರುತ, ಅದರ ಬೆನ್ನಿಗೇ ಬಂದ ಕ್ಷಾಮ, ಇವುಗಳಿಂದ ಎಚ್ಚೆತ್ತ ಸರ್ಕಾರವು 1875ರಲ್ಲಿ ಭಾರತದ ಹವಾಮಾನ ಇಲಾಖೆಯನ್ನು ಸ್ಥಾಪಿಸಿತು. ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಜಾನ್ ಕುಕ್ ಅವರ ನೇತೃತ್ವದಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗ ಈ ನಾಲ್ಕು ಊರುಗಳ ವೀಕ್ಷಣಾಲಯಗಳಲ್ಲಿ ಶಾಖ, ಗಾಳಿ, ಮಳೆಗಳ ಲೆಕ್ಕವನ್ನಿಟ್ಟು, 1893ರ ವರ್ಷದಿಂದ ವರದಿಗಳನ್ನು ಪ್ರಕಟಿಸಲಾಯಿತು. ನಮ್ಮ ಮೈಸೂರಿಗೆ ಮುಂಗಾರಿನ ನಟ್ಟನಡುವಣ ಜುಲೈಗಿಂತಲೂ ಮೇ ತಿಂಗಳಲ್ಲೇ ಹೆಚ್ಚು ಮಳೆ ಬೀಳುವುದೆಂಬ ಸಂಗತಿ ಸ್ಪಷ್ಟವಾಗುವುದು ಇಂತಹ ಲೆಕ್ಕದಿಂದಲೇ. ಈ ಮೇ ಮಳೆಯ ಬಹುಭಾಗ ಗುಡುಗಿನ ಮಳೆ. ನಾಲ್ಕು ಊರುಗಳ ಅಳತೆಗೋಲಿನ ನಡುವೆ ಅದು ಎಷ್ಟು ಸಲ ನುಸುಳಿಹೋಗಿರಬೇಡ! ಏಕೆಂದರೆ ಗುಡುಗುಮಳೆಯ ವಿಸ್ತಾರ ಕೆಲವೇ ಮೈಲಿ. ಒಂದು ಮೋಡದ ಆಯುಸ್ಸು ಸಾಮಾನ್ಯವಾಗಿ ಗಂಟೆಯೊಳಗೆ. ಕೆ. ಆರ್. ಸರ್ಕಲ್ಲಿನಲ್ಲಿ ಚರಂಡಿ ತುಂಬಿ ಹರಿಯುತ್ತಿರುವಾಗ ಕುವೆಂಪುನಗರದಲ್ಲಿ ಧೂಳೇಳುತ್ತಿರುವುದನ್ನು ನಾವೇ ಕಂಡಿಲ್ಲವೇ?

ಇಷ್ಟು ಚಿಕ್ಕ, ಇಷ್ಟು ಚಪಲವಾದ ವಸ್ತುವನ್ನು ಹಿಡಿಯಲು ಬೇರೆಯದೇ ಕಿವಿ ಬೇಕಾಗಿತ್ತು. 1895ರ ಮೇ 7ರಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅಲೆಕ್ಸಾಂಡರ್ ಪೊಪೊವ್ ಎಂಬ ವಿಜ್ಞಾನಿಯು ವಿದ್ಯುತ್ ಅಲೆಗಳನ್ನು ಗ್ರಹಿಸುವ ಉಪಕರಣವೊಂದನ್ನು ತೋರಿಸಿದನು. ಅದು ದೂರದ ಮಿಂಚನ್ನು ಗುರುತಿಸಿ ಗಂಟೆ ಬಾರಿಸುತ್ತಿತ್ತು. ನಿಮ್ಮ ಮನೆಯ ರೇಡಿಯೋವಿನ ಹಿರಿಯರಲ್ಲೊಬ್ಬನು ಗಾಯನವನ್ನು ಕೇಳಿಸಲು ಹುಟ್ಟಿದವನಲ್ಲ, ಗುಡುಗನ್ನು ಕಾಯಲು ಹುಟ್ಟಿದವನು!

ಮುಂದೆ 1915ರಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆಯನ್ನು ಸೇರಿದ ವಾಟ್ಸನ್ ವಾಟ್ ಎಂಬವರು, ವಿಮಾನ ಚಾಲಕರನ್ನು ಎಚ್ಚರಿಸುವುದಕ್ಕಾಗಿ, ರೇಡಿಯೋವಿನ ಚಟಚಟ ಸದ್ದಿನಿಂದ ಗುಡುಗುಮೋಡದ ದಿಕ್ಕನ್ನು ಕಂಡುಹಿಡಿಯುವ ಕೆಲಸಕ್ಕೆ ತೊಡಗಿದರು. 1935ರ ಫೆಬ್ರವರಿಯಲ್ಲಿ ಅವರೇ ಬಿ.ಬಿ.ಸಿ.ಯ ಪ್ರಸಾರದ ಅಲೆಗಳು ವಿಮಾನಕ್ಕೆ ತಾಗಿ ಹಿಂದಿರುಗುವುದನ್ನು ತೋರಿಸಿಕೊಟ್ಟರು. ಅದು ಬ್ರಿಟನ್ನಿನ ರೇಡಾರಿನ ಮೊದಲ ಹೆಜ್ಜೆ. ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ನಡೆಸುತ್ತಿದ್ದವರಿಗೆ ವಿಮಾನದ ಜೊತೆಗೆ ಮಳೆಯ ಮೋಡವೂ ಕಾಣತೊಡಗಿತು. ಅದೇ 1935ರ ಸೆಪ್ಟೆಂಬರ್ 10ರಂದು ನಮ್ಮ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಪ್ರಸಾರವನ್ನು ಆರಂಭಿಸಿದರೆಂಬುದನ್ನು ನೆನೆದರೆ ಯಾರಿಗೆ ಸಂತೋಷವಾಗದು?

ಈಗ ರೇಡಾರು, ಉಪಗ್ರಹ, ಮಿಂಚಿನ ಅಲೆಗಳನ್ನು ಗ್ರಹಿಸುವ ಕೇಂದ್ರಗಳ ಜಾಲ, ಇವೆಲ್ಲವೂ ಇವೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿಯೂ ಮಳೆಮಾಪಕಗಳಿವೆ. ಹವಾಮಾನ ಇಲಾಖೆಯು ಮುಂದಿನ ಮೂರು ಗಂಟೆಗಳಿಗೆ ಜಿಲ್ಲಾವಾರು ಎಚ್ಚರಿಕೆಯನ್ನು ಕೊಡುತ್ತದೆ. ಪುಣೆಯ ಸಂಸ್ಥೆಯೊಂದರ ‘ದಾಮಿನಿ’ಯು ಸಮೀಪದ ಮಿಂಚನ್ನು ಕೈಯಲ್ಲಿರುವ ಫೋನಿಗೇ ತಿಳಿಸುತ್ತದೆ. ಇಷ್ಟಾದರೂ 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ 2,887 ಮಂದಿ ಸಿಡಿಲಿಗೆ ಬಲಿಯಾದರು. ಹೊಲದಲ್ಲಿ ದುಡಿಯುತ್ತಿದ್ದವರು, ದನ ಕಾಯುತ್ತಿದ್ದವರು, ಮಳೆಗೆ ಹೆದರಿ ಮರದ ಬುಡವನ್ನು ಸೇರಿದವರು ಇಂಥ ಸಾವಿಗೆ ಈಡಾಗುತ್ತಲೇ ಇದ್ದಾರೆ. ಮುನ್ಸೂಚನೆಯು ಜಿಲ್ಲೆಯವರೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ನಮ್ಮ ಅಂಗಳದವರೆಗಿನ ದಾರಿಯನ್ನು ನಾವೇ ಕ್ರಮಿಸಬೇಕು.

ಅದಕ್ಕೆ ಹಿರಿಯರ ಪದ್ಧತಿಯೊಂದು ಒದಗಿಬರುತ್ತದೆ. ಗುಡುಗಿದಾಗ ಅರ್ಜುನನ ಹತ್ತು ಹೆಸರುಗಳನ್ನು ಹೇಳಬೇಕೆಂದು ಅಜ್ಜಿಯರು ಕಲಿಸಿದ್ದರಷ್ಟೆ. ನಾನು ತರಗತಿಯಲ್ಲಿ ಮಕ್ಕಳಿಗೆ ಇದನ್ನೇ ಸ್ವಲ್ಪ ತಿದ್ದಿ ಹೇಳುತ್ತೇನೆ: ಮಿಂಚು ಕಂಡೊಡನೆ ಆರಂಭಿಸಿರಿ. ಹದವಾಗಿ ಹೇಳಿದರೆ ಸುಮಾರು ಹತ್ತು ಸೆಕೆಂಡು ಹಿಡಿಯುತ್ತದೆ. ಶಬ್ದವು ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಸಾಗುವುದರಿಂದ, ಹತ್ತು ಹೆಸರು ಮುಗಿಯುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಮೂರು ಕಿಲೋಮೀಟರಿನ ಒಳಗೇ ಇದೆ. ಮೂರು ಸಲ ಹೇಳುವುದರೊಳಗೆ ಕೇಳಿದರೂ ಒಳಗೆ ಹೋಗತಕ್ಕದ್ದೇ. ಮರದ ಕೆಳಗಲ್ಲ, ಗಟ್ಟಿಯಾದ ಮನೆಯೊಳಕ್ಕೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬಾರದು.

ಈ ಬಾರಿ ಭರಣಿ ಮಳೆಯ ಮೊದಲ ಮಿಂಚು ಹೊಳೆದಾಗ ಮಕ್ಕಳನ್ನು ಹತ್ತಿರ ಕುಳ್ಳಿರಿಸಿಕೊಂಡು ಎಣಿಸಿ ನೋಡಿರಿ. ಹಳ್ಳಿಯಲ್ಲಿರುವ ನಿಮ್ಮ ನೆಂಟರಿಷ್ಟರಿಗೂ ಇದನ್ನು ಹೇಳಿಕೊಡಿರಿ. ಹೊಲದಲ್ಲಿ ನಿಂತವರಿಗೆ ಈ ಎಣಿಕೆಯ ಅಗತ್ಯ ನಮಗಿಂತ ಹೆಚ್ಚು.