ಕಡಿದ ಗುಡ್ಡಕ್ಕೆ ಹಸಿರು ಮರಳುವ ಬಗೆ

ಘಟ್ಟದಲ್ಲಿ ಹೊಸ ರಸ್ತೆಯಾದ ವರ್ಷ ಅದರ ಎರಡೂ ಬದಿ ಬೋಳು ಮಣ್ಣು. ಮೂರು ಮಳೆಗಾಲ ಕಳೆದು ಅದೇ ದಾರಿಯಲ್ಲಿ ಹೋದರೆ ಹಸಿರು ಮುಚ್ಚಿಕೊಂಡಿರುತ್ತದೆ. ಕಾಡು ಮತ್ತೆ ಬಂತು ಎಂದು ನೋಡಿದವರಿಗೆ ಸಮಾಧಾನ. ಹತ್ತಿರ ಹೋಗಿ ಯಾವ ಗಿಡ ಬಂದಿದೆ ಎಂದು ನೋಡಿದರೆ ಆ ಸಮಾಧಾನ ಎಷ್ಟೋ ಕಡೆ ಉಳಿಯುವುದಿಲ್ಲ. ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಟ್ಟಗಳಲ್ಲೂ ಕರಾವಳಿಯ 66ನೇ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲೂ ಸಸ್ಯಗಳು ಮರಳುವ ಕ್ರಮವನ್ನು ಅಲ್ಲಿನ ಮಣ್ಣು, ಇಳಿಜಾರು, ಸುತ್ತಲಿನ ಬೀಜದ ಮೂಲ ಈ ಮೂರೂ ಸೇರಿ ನಿರ್ಧರಿಸುತ್ತವೆ. ಕೊನೆಯಲ್ಲಿ ನೆಡುವ ಸಸಿಗಳ ಪಾತ್ರ ಇವುಗಳ ಮುಂದೆ ಸಣ್ಣದು.

ಮೇಲ್ಮಣ್ಣು ಹೋದಮೇಲೆ

ಕಾಡಿನ ನೆಲದ ಜೀವವೆಲ್ಲ ಮೇಲಿನ ಒಂದು ಗೇಣಿನಲ್ಲಿ ಇರುತ್ತದೆ. ಕೊಳೆತ ತರಗೆಲೆ, ಮೊಳೆಯಲು ಬೆಳಕಿಗಾಗಿ ಕಾದಿರುವ ಬೀಜ, ಚಿಗುರಬಲ್ಲ ಬೇರಿನ ತುಂಡು, ಎರೆಹುಳು, ಮರದ ಬೇರಿಗೆ ರಂಜಕ ಒದಗಿಸಿಕೊಡುವ ಶಿಲೀಂಧ್ರ ಎಲ್ಲವೂ ಅಲ್ಲೇ. ರಸ್ತೆ ಕೆಲಸ ಶುರುವಾದಾಗ ಮೊದಲು ಹೋಗುವುದು ಈ ಪದರ. ಆಮೇಲೆ ಉಳಿಯುವ ಅಡಿಮಣ್ಣಿನಲ್ಲಿ ಸಾರಜನಕ ಕಡಿಮೆ. ಪಶ್ಚಿಮ ಘಟ್ಟದ ಕೆಂಪು ಮಣ್ಣು ಆಮ್ಲೀಯವೂ ಹೌದು, ಅದರಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಇದ್ದಬದ್ದ ರಂಜಕವನ್ನೂ ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಡುವುದಿಲ್ಲ. ರೋಲರ್ ಓಡಿದ ಜಾಗದಲ್ಲಂತೂ ನೆಲ ಗಟ್ಟಿಯಾಗಿ ಬೇರು ಇಳಿಯಲು ಸಂದೇ ಇರುವುದಿಲ್ಲ.

ಹೆದ್ದಾರಿ ಸಚಿವಾಲಯದ ಕಾಮಗಾರಿ ನಿರ್ದೇಶನಗಳಲ್ಲಿ ಮೇಲ್ಮಣ್ಣನ್ನು ಬೇರೆಯಾಗಿ ತೆಗೆದು, 2 ಮೀಟರ್ ಮೀರದ ರಾಶಿಗಳಲ್ಲಿ ಇಟ್ಟು, ಇಳಿಜಾರಿಗೆ ಮತ್ತೆ ಹರಡಬೇಕೆಂಬ ಸೂಚನೆ ಇದೆ. ರಾಶಿ ತೀರಾ ಎತ್ತರವಾದರೆ ಒಳಗಿನ ಮಣ್ಣಿಗೆ ಗಾಳಿಯಾಡದೆ ಅದರ ಜೀವಿಗಳು ಸಾಯುತ್ತವೆ. ಇಡೀ ಕಾಮಗಾರಿಯಲ್ಲಿ ಹಸಿರಿನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಸಾಲು ಇನ್ನೊಂದಿಲ್ಲ. ತೆಗೆದ ಮೇಲ್ಮಣ್ಣನ್ನು ಕಲ್ಲುಮಣ್ಣಿನ ಜೊತೆ ಬೆರೆಸಿ ತಗ್ಗಿಗೆ ಸುರಿದುಬಿಟ್ಟರೆ ಆಮೇಲೆ ಯಾವ ಗೊಬ್ಬರ ಹಾಕಿದರೂ ಆ ಬೀಜಸಂಪತ್ತು ವಾಪಸಾಗದು.

ಮುರಕಲ್ಲು ಮೇಲೆ, ಶೇಡಿ ಕೆಳಗೆ

ಕರಾವಳಿಯಲ್ಲಿ ಗುಡ್ಡ ಕಡಿದಾಗ ಎರಡು ಬೇರೆ ಬೇರೆ ನೆಲ ಬಯಲಾಗುತ್ತವೆ. ಮೇಲಿನದು ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಕೇರಳದ ಅಂಗಾಡಿಪುರದಲ್ಲಿ ಕಂಡದ್ದನ್ನು ಅವನು 1807ರಲ್ಲಿ ಪ್ರಕಟವಾದ ಪ್ರವಾಸ ಕಥನದಲ್ಲಿ ದಾಖಲಿಸಿದ. ನೆಲದೊಳಗೆ ಕತ್ತಿಯಿಂದ ಕಡಿಯುವಷ್ಟು ಮೆದುವಾಗಿರುವ ಈ ಕಲ್ಲು ಗಾಳಿ ಬಿಸಿಲಿಗೆ ಬಿದ್ದಮೇಲೆ ಗಟ್ಟಿಯಾಗುತ್ತದೆ. ಅದರ ಮೈತುಂಬ ಇರುವ ತೂತುಗಳಲ್ಲಿ ಸ್ವಲ್ಪ ಧೂಳು, ಸ್ವಲ್ಪ ನೀರು ನಿಂತು ಜರೀಗಿಡ, ಪಾಚಿ, ಹುಲ್ಲು ನೆಲೆ ಕಂಡುಕೊಳ್ಳುತ್ತವೆ.

ಅದರ ಕೆಳಗಿನದು ಶೇಡಿ ಮಣ್ಣು. ಬಿಳಿ, ಗುಲಾಬಿ, ಹಳದಿ ಬಣ್ಣದ ಈ ಮಣ್ಣು ಒಣಗಿದಾಗ ಗಟ್ಟಿ ಗೋಡೆಯಂತೆ ನಿಂತಿರುತ್ತದೆ, ನೀರು ಕುಡಿದರೆ ಬಲ ಕಳೆದುಕೊಂಡು ಕರಗಿ ಇಳಿಯುತ್ತದೆ. ಒಂದು ಮಳೆಗಾಲದಲ್ಲಿ ಮೊಳೆತ ಗಿಡ ಮುಂದಿನ ಮಳೆಗೆ ಮಣ್ಣಿನ ಸಮೇತ ಚರಂಡಿ ಸೇರುತ್ತದೆ. ಹೀಗಾಗಿ ಒಂದೇ ಕಡಿತದಲ್ಲಿ ಮೇಲೆ ಹಸಿರು, ಕೆಳಗೆ ವರ್ಷಗಟ್ಟಲೆ ಬೋಳು ಕಾಣುವುದುಂಟು. ಕಡಿತ ನೆಟ್ಟಗಿದ್ದಷ್ಟೂ ಇದು ಹೆಚ್ಚು. ಬೀಜ ನಿಲ್ಲಬೇಕಾದರೆ ಇಳಿಜಾರು ಓರೆಯಾಗಿರಬೇಕು ಇಲ್ಲವೇ ಮೆಟ್ಟಿಲುಮೆಟ್ಟಿಲಾಗಿರಬೇಕು. ಅದಕ್ಕೆ ಹೆಚ್ಚು ಜಾಗ ಬೇಕು, ಹೆಚ್ಚು ಭೂಸ್ವಾಧೀನ ಬೇಕು. ಆ ಖರ್ಚು ಉಳಿಸಲು ಗುಡ್ಡವನ್ನು ನೆಟ್ಟಗೆ ಕಡಿದರೆ ಹಸಿರೂ ಬರುವುದಿಲ್ಲ, ಗುಡ್ಡವೂ ನಿಲ್ಲುವುದಿಲ್ಲ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತಮೇಲಾದರೂ ಇಳಿಜಾರಿನ ಕೋನವನ್ನು ಬರೀ ಲೆಕ್ಕಪತ್ರದ ವಿಷಯವೆಂದು ನೋಡಬಾರದು.

ಮೊದಲ ಮಳೆಗಾಲಗಳು

ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಮೊದಲ ಮಳೆಗಾಲದಲ್ಲೇ ತೇವವಿರುವ ಕಡಿತಕ್ಕೆ ಹಸಿರು ಪಾಚಿ ಹತ್ತುತ್ತದೆ. ಕಣ್ಣಿಗೆ ಅಲ್ಪವೆನಿಸಿದರೂ ಮಣ್ಣಿನ ಕಣಗಳನ್ನು ಮೊದಲು ಹಿಡಿದು ನಿಲ್ಲಿಸುವುದು ಇದೇ. ಹಿಂದೆಯೇ ಜರೀಗಿಡಗಳು ಬರುತ್ತವೆ. ಅವುಗಳ ಬೀಜಕಣ ಗಾಳಿಯಲ್ಲಿ ತೇಲುವಷ್ಟು ಹಗುರ, ಹೂವು ಕಾಯಿಯ ಗೊಡವೆಯಿಲ್ಲ. ಅವುಗಳಲ್ಲೊಂದರ ಎಲೆ ಮೇಲೆ ಹಸಿರು, ಅಡಿಯಲ್ಲಿ ಬೆಳ್ಳಿಯಂಥ ಪುಡಿ. ಎಲೆಯನ್ನು ಕೈಮೇಲಿಟ್ಟು ಒತ್ತಿದರೆ ನರನರವೂ ಬಿಳಿಯ ಅಚ್ಚಾಗಿ ಮೂಡುತ್ತದೆ. ಮಲೆನಾಡಿನ ಮಕ್ಕಳು ಪ್ರೀತಿಸುವ ಈ ಗಿಡ ಉಷ್ಣವಲಯದ ಅಮೆರಿಕದಿಂದ ಬಂದದ್ದು, ಈಗ ಘಟ್ಟದ ರಸ್ತೆಬದಿಯಲ್ಲಿ ಮಾಮೂಲು. ಇನ್ನೊಂದು ಜರೀಗಿಡ, ಡೈಕ್ರನಾಪ್ಟೆರಿಸ್, ಎಲೆ ಎರಡೆರಡಾಗಿ ಕವಲೊಡೆಯುತ್ತಾ ಇಡೀ ಇಳಿಜಾರನ್ನು ಹೆಣೆದು ಮುಚ್ಚುತ್ತದೆ. ಮಣ್ಣು ಹಿಡಿಯಲು ಇದಕ್ಕಿಂತ ಒಳ್ಳೆಯ ಕಾಡುಗಿಡ ಅಪರೂಪ, ಆದರೆ ದಟ್ಟವಾದಾಗ ಮರದ ಸಸಿಗಳಿಗೂ ಅಡ್ಡಿಯಾಗುತ್ತದೆ.

ಮುಟ್ಟಿದರೆ ಮುನಿಯಂಥ ದ್ವಿದಳ ಗಿಡಗಳು ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಸುತ್ತವೆ. ನೀರು ಒಸರುವ ಕಲ್ಲಿನ ಮೇಲೆ ಮಳೆ ಮುಗಿಯುವ ಮುನ್ನ ಗೌರಿಹೂವಿನ ಜಾತಿಗಳು ಅರಳುತ್ತವೆ. ಆಮೇಲೆ ಹಕ್ಕಿಗಳ ಸರದಿ. ಪಿಕಳಾರ ತಂತಿಯ ಮೇಲೋ ಪೊದೆಯ ಮೇಲೋ ಕೂತು ಉದುರಿಸಿದ ಬೀಜದಿಂದ ನೆಕ್ಕರಿಕ, ಟ್ರೆಮಾ, ಉಪ್ಪಳಿಗೆ ಹುಟ್ಟುತ್ತವೆ. ಉಪ್ಪಳಿಗೆಯನ್ನು ದೂರದಿಂದಲೇ ಗುರುತಿಸಬಹುದು: ಅಗಲವಾದ ಎಲೆಗೆ ತೊಟ್ಟು ಅಂಚಿನಲ್ಲಿ ಸೇರದೆ ಒಳಗೆ, ಗುರಾಣಿಯ ಹಿಡಿಯಂತೆ ಅಂಟಿಕೊಂಡಿರುತ್ತದೆ. ಇವೆಲ್ಲ ಬಿಸಿಲಿನ ಗಿಡಮರಗಳು, ಬೇಗ ಬೆಳೆದು ಬೇಗ ಸಾಯುವಂಥವು. ಅವುಗಳ ನೆರಳಿನಲ್ಲಿ ನೆಲ ತಂಪಾದಮೇಲಷ್ಟೇ ನಿಧಾನದ ಮರಗಳಿಗೆ ಅವಕಾಶ.

ರಸ್ತೆ ಹೊತ್ತು ತರುವ ಕಳೆ

ಈ ಸರದಿ ತಪ್ಪುವುದು ಕಳೆಗಳಿಂದ. ರಸ್ತೆಬದಿಗೆ ಬೆಳಕು ಹೇರಳ, ಡಾಂಬರಿನ ಮೇಲಿಂದ ಹರಿದುಬರುವ ಮಳೆನೀರೂ ಅಲ್ಲಿಗೇ. ಜಲ್ಲಿ, ಮಣ್ಣು, ಟಯರಿಗೆ ಮೆತ್ತಿದ ಕೆಸರು ಎಲ್ಲಿಂದಲೋ ಬೀಜ ತಂದು ಹಾಕುತ್ತವೆ. ಭಾರತದಲ್ಲಿ 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗಮನಕ್ಕೆ ಬಂದ ಪಾರ್ಥೇನಿಯಂ ದೇಶವಿಡೀ ಹಬ್ಬಲು ರಸ್ತೆ, ರೈಲುಮಾರ್ಗಗಳು ದೊಡ್ಡ ನೆರವಾದವು. ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಮಲೆನಾಡು, ಕರಾವಳಿಯಲ್ಲಿ ಕಮ್ಯುನಿಸ್ಟ್ ಗಿಡ ಮತ್ತು ಲಂಟಾನದ ಕಾಟ ಹೆಚ್ಚು. ಕಮ್ಯುನಿಸ್ಟ್ ಗಿಡದ ಬೀಜಕ್ಕೆ ಹಾರಲು ಕುಚ್ಚು ಇದೆ, ಬೇಸಿಗೆಯಲ್ಲಿ ಒಣಗಿದ ಅದರ ಪೊದೆಗೆ ಕಿಡಿ ತಗುಲಿದರೆ ಹೊತ್ತಿ ಉರಿಯುತ್ತದೆ, ಸುತ್ತಲಿನ ಸಸಿಗಳೆಲ್ಲ ಸುಟ್ಟಮೇಲೂ ಅದು ಬುಡದಿಂದ ಚಿಗುರುತ್ತದೆ. ದೂರದಿಂದ ನೋಡುವವರಿಗೆ ಇವೆಲ್ಲವೂ ಹಸಿರೇ. ರಸ್ತೆಯ ಅಂಚಿನಿಂದ ಒಳಗಿನ ಕಾಡಿಗೆ ಇವು ನುಗ್ಗುವುದು ಮಾತ್ರ ತಡೆಯಲೇಬೇಕಾದ ಅಪಾಯ.

ಬಯಲುಸೀಮೆಯಲ್ಲಿ

ಚಿತ್ರದುರ್ಗ, ಬಳ್ಳಾರಿಯ ಕಡೆ ಮಳೆ ಕಡಿಮೆಯಾದ್ದರಿಂದ ಎಲ್ಲವೂ ನಿಧಾನ. ಎಕ್ಕ, ತಂಗಡಿ, ತುಂಬೆ, ಒರಟು ಹುಲ್ಲುಗಳು ತಾವಾಗಿಯೇ ಬರುತ್ತವೆ, ಬಳ್ಳಾರಿ ಜಾಲಿಯೂ ಬಿಡುವುದಿಲ್ಲ. ಹೆದ್ದಾರಿಯ ನಡುಪಟ್ಟಿಯ ಕಣಗಿಲೆ, ಕಾಗದದ ಹೂವಿನ ಗಿಡಗಳು ಟ್ಯಾಂಕರ್ ನೀರಿನಿಂದ ಬದುಕಿರುವಂಥವು. ಎದುರಿನ ವಾಹನದ ಬೆಳಕು ಕಣ್ಣಿಗೆ ರಾಚದಂತೆ ತಡೆಯುವ ಕೆಲಸವನ್ನು ಅವು ಮಾಡುತ್ತವೆ, ನೆಲದ ಚೇತರಿಕೆಯ ಲೆಕ್ಕಕ್ಕೆ ಬರುವುದಿಲ್ಲ.

ಇಳಿಜಾರಿಗೆ ಬೇರಿನ ಆಸರೆ

ಕುಸಿಯುವ ಕಡಿತಕ್ಕೆ ಉಕ್ಕಿನ ಬಲೆ ಹೊದಿಸಿ ಸಿಮೆಂಟ್ ಸಿಂಪಡಿಸುವುದು ಈಗ ಸಾಮಾನ್ಯ. ಅಪಾಯದ ಜಾಗಗಳಲ್ಲಿ ಅದು ಬೇಕಾಗಬಹುದು, ಆದರೆ ಅಲ್ಲಿ ಗಿಡ ಬೆಳೆಯದು. ಓರೆ ಇಳಿಜಾರಿಗೆ ತೆಂಗಿನ ನಾರಿನ ಜಾಲರಿ ಹಾಸಿ ಹುಲ್ಲಿನ ಬೀಜ ಬಿತ್ತುವ ಕ್ರಮ ನಮ್ಮ ಕರಾವಳಿಗೆ ಚೆನ್ನಾಗಿ ಹೊಂದುತ್ತದೆ. ನಾರು ಕೆಲವು ಮಳೆಗಾಲ ಬಾಳಿ ಮಣ್ಣು ಹಿಡಿದಿಟ್ಟು, ಹುಲ್ಲು ಬೇರೂರಿದ ಹೊತ್ತಿಗೆ ತಾನು ಕೊಳೆತು ಮಣ್ಣಾಗುತ್ತದೆ. ಲಾವಂಚದ ಬೇರು ಅನುಕೂಲವಾದ ನೆಲದಲ್ಲಿ 3 ಮೀಟರ್‌ವರೆಗೂ ನೆಟ್ಟಗೆ ಇಳಿಯುತ್ತದೆ. ಸಮಪಾತಳಿಯ ಸಾಲುಗಳಲ್ಲಿ ಒತ್ತಾಗಿ ನೆಟ್ಟರೆ ಹರಿವ ನೀರಿನ ವೇಗ ತಗ್ಗಿ, ಮಣ್ಣು ಸಾಲಿನ ಹಿಂದೆ ತಂಗುತ್ತದೆ. ಬೇರು ಹಿಡಿತ ಕೊಡುವುದು ಮೇಲಿನ ಕೆಲವು ಅಡಿಗಳಿಗೆ ಮಾತ್ರ. ಆಳದಲ್ಲಿ ಶೇಡಿ ನೀರು ಕುಡಿದು ಜಾರಿದರೆ ಹುಲ್ಲಾಗಲಿ ಮರವಾಗಲಿ ತಡೆಯಲಾರದು, ಅಲ್ಲಿ ಮೊದಲು ನೀರು ಹೊರಹೋಗುವ ದಾರಿ ಮಾಡಬೇಕು.

ಹಸಿರು ಹೆದ್ದಾರಿ ನೀತಿ 2015ರಲ್ಲಿ ಬಂತು. ಯೋಜನಾ ವೆಚ್ಚದ ಶೇ. 1ರಷ್ಟನ್ನು ಗಿಡ ನೆಡಲು ಮತ್ತು ನೋಡಿಕೊಳ್ಳಲು ಮೀಸಲಿಡಬೇಕೆಂಬುದು ಅದರ ಮುಖ್ಯ ಅಂಶ. ಈ ಹಣ ಅಕೇಶಿಯಾದಂಥ ಬೇಗ ಬೆಳೆಯುವ ಹೊರಗಿನ ಜಾತಿಗೆ ಹೋಗುವ ಬದಲು ಹೊಂಗೆ, ನೇರಳೆ, ಮತ್ತಿ, ಹೊನ್ನೆಯಂಥ ಸ್ಥಳೀಯ ಮರಗಳಿಗೂ ಮೊದಲ ಮೂರು ವರ್ಷದ ಕಳೆ ಕೀಳುವ ಕೂಲಿಗೂ ಸಿಗಬೇಕು.

ಪ್ರತಿವರ್ಷದ ಕೆರೆತ

ಇಷ್ಟೆಲ್ಲ ಆದರೂ ಒಂದು ರೂಢಿ ಎಲ್ಲವನ್ನೂ ಮೊದಲಿಗೆ ತಂದು ನಿಲ್ಲಿಸುತ್ತದೆ. ಮಳೆ ನಿಂತಮೇಲೆ ಚರಂಡಿ ಬಿಡಿಸಲು ಬರುವ ಜೆಸಿಬಿ ಪೊದೆಯ ಜೊತೆಗೆ ಬೇರು, ಮೇಲುಮಣ್ಣು, ಮೊಳಕಾಲೆತ್ತರ ಬೆಳೆದ ಮರದ ಸಸಿಗಳನ್ನೂ ಕೆರೆದುಹಾಕುತ್ತದೆ. ಬೋಳಾದ ನೆಲಕ್ಕೆ ಮುಂದಿನ ಮಳೆಯಲ್ಲಿ ಮೊದಲು ಬರುವುದು ಕಮ್ಯುನಿಸ್ಟ್ ಗಿಡವೇ, ಪಾರ್ಥೇನಿಯಮ್ಮೇ. ತಿರುವುಗಳಲ್ಲಿ ದಾರಿ ಕಾಣಬೇಕು, ಚರಂಡಿ ಹರಿಯಬೇಕು, ಅದು ಸರಿ. ಚರಂಡಿಯನ್ನು ಮಾತ್ರ ಯಂತ್ರದಿಂದ ಬಿಡಿಸಿ, ಅದರಾಚೆಯ ಗಿಡಗಳನ್ನು ಕತ್ತಿಯಿಂದಲೋ ಹುಲ್ಲು ಕತ್ತರಿಸುವ ಯಂತ್ರದಿಂದಲೋ ನೆಲದಿಂದ ಒಂದು ಗೇಣು ಮೇಲಕ್ಕೆ ಸವರಿದರೆ ಬೇರು ಉಳಿಯುತ್ತದೆ. ಸವರುವವರಿಗೆ ಉಪ್ಪಳಿಗೆ, ಮತ್ತಿ, ನೇರಳೆಯ ಸಸಿಯ ಗುರುತು ಇದ್ದರೆ ಅವನ್ನು ಬಿಟ್ಟು ಲಂಟಾನವನ್ನು ಬುಡಸಹಿತ ಕೀಳಬಹುದು. ಆ ಗುರುತು ಊರಿನ ಕೂಲಿಯವರಿಗೆ ಚಿಕ್ಕಂದಿನಿಂದಲೇ ಇರುತ್ತದೆ. ಗುತ್ತಿಗೆಯ ಷರತ್ತಿನಲ್ಲಿ ಅವರನ್ನು ಕೇಳಿಯೇ ಸವರಬೇಕೆಂದು ಒಂದು ಸಾಲು ಸೇರಿಸಿದರೆ ಸಾಕು.