ನ್ಯೂಟ್ರಿನೊಗಳ ಕ್ಷಯವೂ ಆಕಾಶದ ಹಿನ್ನೆಲೆಯ ಕಾಂತಿಯೂ

ಆಕಾಶದ ಹಿನ್ನೆಲೆಯ ವಿಕಿರಣವೆಂದೊಡನೆ ೧೯೬೫ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬವರು ಪ್ರಕಟಿಸಿದ ಸೂಕ್ಷ್ಮತರಂಗಗಳೇ ನೆನಪಿಗೆ ಬರುವುದು ಸಹಜ. ಇಲ್ಲಿ ವಿಚಾರಿಸತಕ್ಕದ್ದು ಅದಲ್ಲ. ನಕ್ಷತ್ರಗಳ ನಡುವಣ ಜಲಜನಕದ ಪರಮಾಣುಗಳನ್ನು ಒಡೆಯಬಲ್ಲ ನೇರಳಾತೀತ ಕಾಂತಿ. ಇದು ನ್ಯೂಟ್ರಿನೊ ಎಂಬ ಕಣಗಳ ಕ್ಷಯದಿಂದ ಹುಟ್ಟುತ್ತಿರಬಹುದೆಂಬ ಮತವೊಂದು ಕಳೆದ ಶತಮಾನದ ಕೊನೆಯಲ್ಲಿ ಕೆಲಕಾಲ ಬಾಳಿತು.

ಅದರ ಪೂರ್ವಪೀಠಿಕೆಯಲ್ಲಿ ನಮ್ಮವರ ಪಾಲೂ ಉಂಟು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನಿರ್ದೇಶಕರಾದ ರಮಾನಾಥ ಕೌಶಿಕರು ೧೯೭೨ರಲ್ಲಿ ಮೆಕ್‌ಕ್ಲೆಲಂಡರೊಡಗೂಡಿ ನ್ಯೂಟ್ರಿನೊಗಳ ತೂಕಕ್ಕೆ ಮೇರೆಯನ್ನು ಗಣಿಸಿದರು. ೧೯೭೭ರಲ್ಲಿ, ಅವು ಬೆಳಕನ್ನು ಸೂಸಿ ಕ್ಷಯಿಸುವುದಾದರೆ ಅವುಗಳ ಆಯುಸ್ಸಿಗೆ ಇರತಕ್ಕ ಮಿತಿಯನ್ನು ತೋರಿಸಿದರು.

ಇಂಥ ವಿಚಾರಗಳನ್ನು ೧೯೯೦ರ ಸುಮಾರಿಗೆ ಸಿದ್ಧಾಂತವಾಗಿ ಕಟ್ಟಿದವರು ಇಂಗ್ಲೆಂಡಿನ ಡೆನಿಸ್ ಶ್ಯಾಮಾ. ಹಿಂದೆ ಸ್ಥಿರಸ್ಥಿತಿವಾದದ ಪಕ್ಷಪಾತಿಗಳಾಗಿದ್ದು, ಪ್ರಮಾಣಗಳು ವಿರುದ್ಧವಾದಾಗ ೧೯೬೦ರ ದಶಕದಲ್ಲಿ ಅದನ್ನು ಕೈಬಿಟ್ಟವರು ಇವರೇ. ಅವರ ಲೆಕ್ಕವು ಸರಳವಾದುದು. ಭಾರವಾದ ನ್ಯೂಟ್ರಿನೊ ಬಲುಹಗುರವಾದುದಾಗಿ ಮಾರ್ಪಡುವಾಗ ಅದರ ಶಕ್ತಿಯ ಅರ್ಧವು ಬೆಳಕಿನ ಕಣವಾಗಿ ಹೊರಡುವುದು. ಜಲಜನಕವನ್ನೊಡೆಯಲು ೧೩.೬ ಎಲೆಕ್ಟ್ರಾನ್-ವೋಲ್ಟ್ ಬೇಕು. ಆದಕಾರಣ ನ್ಯೂಟ್ರಿನೊವಿನ ತೂಕ ೨೭ಕ್ಕಿಂತ ತುಸು ಮೇಲಿರಬೇಕು. ಆಯುಸ್ಸೋ, ೨ರ ಮುಂದೆ ೨೩ ಸೊನ್ನೆಗಳನ್ನಿಟ್ಟಷ್ಟು ಸೆಕೆಂಡುಗಳು; ಎಂದರೆ ವಿಶ್ವದ ವಯಸ್ಸಿನ ಲಕ್ಷಾಂತರ ಪಾಲು. ಆಕಾಶಗಂಗೆಯ ಮಧ್ಯತಲದಿಂದ ದೂರದಲ್ಲಿಯೂ ಒಡೆದ ಜಲಜನಕವೇಕೆ ಇದೆಯೆಂಬುದಕ್ಕೂ, ಕಾಣದ ದ್ರವ್ಯವಾವುದೆಂಬುದಕ್ಕೂ ಒಂದೇ ಕಣದಿಂದ ಉತ್ತರ ದೊರೆಯುತ್ತಿತ್ತು. ಇಷ್ಟು ನಿರ್ದಿಷ್ಟವಾದ ಸಂಖ್ಯೆಯನ್ನು ಮುಂದಿಟ್ಟವರಿಗೆ ಸೋಲೂ ನಿರ್ದಿಷ್ಟವಾಗಿಯೇ ಬರಬಹುದು. ಈ ಧೈರ್ಯವೇ ಆ ವಾದದ ಹಿರಿಮೆಯೆಂದು ನಮ್ಮ ಅಭಿಪ್ರಾಯ.

೧೯೯೦ರ ಡಿಸೆಂಬರಿನಲ್ಲಿ ಹಾಪ್ಕಿನ್ಸ್ ದೂರದರ್ಶಕವು ಏಬಲ್ ೬೬೫ ಎಂಬ ಗೆಲಾಕ್ಸಿಗಳ ಗುಂಪಿನಲ್ಲಿ ಆ ಬೆಳಕನ್ನು ಹುಡುಕಿ ಕಾಣಲಿಲ್ಲ. ಶ್ಯಾಮಾ ಅವರು ಅಷ್ಟಕ್ಕೆ ವಾದವನ್ನು ಬಿಡಲಿಲ್ಲ. ೧೯೯೩ರಲ್ಲಿ ಗ್ರಂಥವನ್ನೇ ಹೊರತಂದರು. ದೂರದ ಗುಂಪಿನ ವಿಷಯದಲ್ಲಿ ಸಮಾಧಾನ ಹೇಳಲು ಎಡೆಯಿತ್ತು. ಆದರೆ ಈ ನ್ಯೂಟ್ರಿನೊಗಳು ಎಲ್ಲೆಡೆಯೂ ತುಂಬಿರುವುದಾದರೆ ಸೂರ್ಯನ ನೆರೆಯಲ್ಲಿಯೂ ಇರಲೇಬೇಕಷ್ಟೆ. ೧೯೯೭ರಲ್ಲಿ ಮೇಲೇರಿದ ಸ್ಪೇನಿನ ಮಿನಿಸ್ಯಾಟ್-೦೧ ಉಪಗ್ರಹದಲ್ಲಿದ್ದ ರೋಹಿತಮಾಪಕವು ರಾತ್ರಿಯ ಆಕಾಶವನ್ನು ಬಹುಕಾಲ ನೋಡಿತು. ೯೧೨ ಆಂಗ್‌ಸ್ಟ್ರಾಮಿಗೆ ತುಸು ಕೆಳಗೆ ನಿರೀಕ್ಷಿಸಿದ ರೇಖೆ ಅದಕ್ಕೆ ಕಾಣಲಿಲ್ಲ. ಬೋಯರ್ ಮತ್ತು ಸಂಗಡಿಗರು ೧೯೯೯ರಲ್ಲಿ ಈ ಫಲವನ್ನು ಪ್ರಕಟಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಶ್ಯಾಮಾ ಅವರು ತೀರಿಕೊಂಡರು.

ಜರ್ಮನಿಯ ಕಾರ್ಲ್ಸ್‌ರೂಯೆಯ ಪ್ರಯೋಗಶಾಲೆಯು ೨೦೨೫ರಲ್ಲಿ ನ್ಯೂಟ್ರಿನೊವಿನ ತೂಕಕ್ಕೆ ಇಟ್ಟಿರುವ ಮೇರೆಯು ೦.೪೫ ಎಲೆಕ್ಟ್ರಾನ್-ವೋಲ್ಟ್.